ಪೆಟ್ಟಿಗೆಯ ಮೇಲಿನ ವ್ಯಾಟ್, ಚೀಟಿಯೊಳಗಿನ ಆಂಪಿಯರ್: ಗಣಕ ಜೋಡಿಸಿಕೊಡುವ ಅಂಗಡಿಗಳವರಿಗೆ ಒಂದು ಬಹಿರಂಗ ಪತ್ರ



ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗಳಿಂದ ಹಿಡಿದು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳವರೆಗೆ, ಬಿಡಿಭಾಗಗಳನ್ನು ತರಿಸಿ ಗಣಕಯಂತ್ರವನ್ನು ಜೋಡಿಸಿಕೊಡುವ ಎಲ್ಲರನ್ನೂ ಉದ್ದೇಶಿಸಿ ಬರೆದಿರುವ ಈ ಪತ್ರದ ಬಿನ್ನಹ ಒಂದೇ. ಹಳೆಯ ಗಣಕಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ಮಾರುವ ಮೊದಲು, ಆ ಗಣಕದೊಳಗೆ ಈಗಾಗಲೇ ಕುಳಿತಿರುವ ಎಸ್‌ಎಂಪಿಎಸ್‌ನ ಪಕ್ಕಕ್ಕೆ ಅಂಟಿಸಿರುವ ಚೀಟಿಯನ್ನು ಗ್ರಾಹಕರ ಎದುರಿನಲ್ಲಿಯೇ ಓದಿ, ಕಾರ್ಡು ಕೇಳುವ ವಿದ್ಯುತ್ತಿಗೂ ಅದು ಕೊಡಬಲ್ಲ ವಿದ್ಯುತ್ತಿಗೂ ತಾಳೆ ನೋಡಿ, ಆ ಲೆಕ್ಕವನ್ನು ಬಿಲ್ಲಿನ ಮೇಲೆ ಬರೆದುಕೊಡಬೇಕು ಎಂಬುದೇ ಆ ಬಿನ್ನಹ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ಬಿಚ್ಚಿ, ಟಾರ್ಚು ಹಿಡಿದು, ನಾಲ್ಕು ಅಂಕಿಗಳನ್ನು ಕಾಗದಕ್ಕೆ ಇಳಿಸಿ ಕೂಡುವ ಕೆಲಸಕ್ಕೆ ಹತ್ತು ನಿಮಿಷ ಸಾಕು.

ಗ್ರಾಫಿಕ್ಸ್ ಕಾರ್ಡ್ ಎಂದರೆ ಚಿತ್ರಗಳನ್ನು ರೂಪಿಸುವ ಲೆಕ್ಕಾಚಾರದ ಹೊರೆಯನ್ನು ಪ್ರಾಸೆಸರ್‌ನಿಂದ ತಾನು ವಹಿಸಿಕೊಳ್ಳುವ, ತನ್ನದೇ ಚಿಪ್ಪು, ತನ್ನದೇ ಮೆಮೊರಿ, ತನ್ನದೇ ಫ್ಯಾನುಗಳುಳ್ಳ ಪ್ರತ್ಯೇಕ ಬೋರ್ಡು. ಇದನ್ನು ಕೊಳ್ಳಲು ಬರುವವರೆಲ್ಲ ಆಟವಾಡುವ ಹುಡುಗರಲ್ಲ. ಮದುವೆಯ ವಿಡಿಯೊಗಳನ್ನು ಸಂಕಲಿಸುವ ಸ್ಟುಡಿಯೊದವರು, ಕಟ್ಟಡದ ನಕ್ಷೆಗಳನ್ನು ಮೂರು ಆಯಾಮದಲ್ಲಿ ತೋರಿಸಬೇಕಾದ ಎಂಜಿನಿಯರುಗಳು, ಯಂತ್ರಕಲಿಕೆಯ ಪಾಠಗಳನ್ನು ಮನೆಯಲ್ಲೇ ಪ್ರಯೋಗಿಸಿ ನೋಡಲು ಬಯಸುವ ವಿದ್ಯಾರ್ಥಿಗಳು ಕೂಡ ಇದೇ ಅಂಗಡಿಗಳಿಗೆ ಬರುತ್ತಾರೆ. ಇವರಲ್ಲಿ ಬಹುಪಾಲು ಜನ ಪೂರ್ತಿ ಹೊಸ ಗಣಕವನ್ನು ಕೊಳ್ಳಲಾರದೆ, ಇರುವುದಕ್ಕೇ ಒಂದು ಕಾರ್ಡು ಹಾಕಿಸಿದರೆ ಕೆಲಸ ಸಾಗೀತು ಎಂದು ತಿಂಗಳುಗಟ್ಟಲೆ ಹಣ ಕೂಡಿಟ್ಟವರು. ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆಯೇ ಎಂದು ಅವರು ಕೇಳಿದಾಗ, ಕೌಂಟರಿನ ಆಚೆಯಿಂದ ಅನೇಕ ಕಡೆ ಬರುವ ಉತ್ತರ “ಐನೂರು ವ್ಯಾಟ್ ಇದೆಯಲ್ಲ, ನಡೆಯುತ್ತೆ” ಎಂಬುದು. ಆ ಉತ್ತರದಲ್ಲಿ ಮೋಸದ ಉದ್ದೇಶ ಇರುವುದು ಅಪರೂಪ. ಆದರೆ ಅದು ಓದಬೇಕಾದ ಅಂಕಿಯನ್ನು ಬಿಟ್ಟು ಬೇರೊಂದು ಅಂಕಿಯನ್ನು ಓದಿ ಕೊಟ್ಟ ಉತ್ತರವಾದ್ದರಿಂದ, ಕೆಲವೊಮ್ಮೆ ನಿಜವಾಗುತ್ತದೆ, ಕೆಲವೊಮ್ಮೆ ಸುಳ್ಳಾಗುತ್ತದೆ. ಯಾವಾಗ ಏನಾಗುತ್ತದೆ ಎಂಬುದು ಕೊಟ್ಟವರಿಗೂ ತಿಳಿದಿರುವುದಿಲ್ಲ, ಪಡೆದವರಿಗೂ ತಿಳಿದಿರುವುದಿಲ್ಲ.

ಎಸ್‌ಎಂಪಿಎಸ್ ಎಂಬುದು ಸ್ವಿಚ್ ಮೋಡ್ ಪವರ್ ಸಪ್ಲೈ ಎಂಬುದರ ಹ್ರಸ್ವರೂಪ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಆವರ್ತಿಸುವ ಪರ್ಯಾಯ ವಿದ್ಯುತ್ತನ್ನು ಅದು ಮೊದಲು ಏಕಮುಖ ವಿದ್ಯುತ್ತಾಗಿಸಿ, ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸಿ, ಆ ವೇಗದ ಕಾರಣದಿಂದಲೇ ಸಾಧ್ಯವಾಗುವ ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಗಣಕದ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ವೋಲ್ಟ್ ಎಂದರೆ ವಿದ್ಯುತ್ತಿನ ಒತ್ತಡ, ಆಂಪಿಯರ್ ಎಂದರೆ ಹರಿವಿನ ಪ್ರಮಾಣ, ಇವೆರಡನ್ನು ಗುಣಿಸಿದರೆ ಬರುವ ವ್ಯಾಟ್ ಎಂದರೆ ಪ್ರತಿ ಕ್ಷಣ ದೊರೆಯುವ ಶಕ್ತಿ; ಮೇಲಿನ ತೊಟ್ಟಿಯ ಎತ್ತರಕ್ಕೂ ನಲ್ಲಿಯ ಅಗಲಕ್ಕೂ ಇರುವ ಸಂಬಂಧವನ್ನು ಬಲ್ಲವರಿಗೆ ಇದು ಹೊಸದಲ್ಲ. ಅಂಗಡಿಯವರಿಗೆ ಇದೆಲ್ಲ ಗೊತ್ತಿರುವುದೇ ಆದರೂ, ಗ್ರಾಹಕರಿಗೆ ಹೇಳಬೇಕಾದಾಗ ಇಷ್ಟು ಸರಳವಾಗಿ ಹೇಳಬಹುದು ಎಂಬ ಕಾರಣಕ್ಕೆ ಇಲ್ಲಿ ಬರೆದಿದೆ.

ತೊಡಕು ಇರುವುದು ಒಟ್ಟು ವ್ಯಾಟ್ ಎಂಬ ಅಂಕಿಯಲ್ಲಿ. ಇಂದಿನ ಗಣಕಗಳ ಎಸ್‌ಎಂಪಿಎಸ್ ಅನುಸರಿಸುವ ಎಟಿಎಕ್ಸ್ ಎಂಬ ಮಾನದಂಡವನ್ನು ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿದಾಗ, ಪ್ರಾಸೆಸರ್ ಸೇರಿದಂತೆ ಗಣಕದ ಮುಖ್ಯ ಭಾಗಗಳು ವಿದ್ಯುತ್ತು ಪಡೆಯುತ್ತಿದ್ದುದು 5 ಮತ್ತು 3.3 ವೋಲ್ಟಿನ ತಂತಿಗಳಿಂದ. 12 ವೋಲ್ಟಿನ ಹಳದಿ ತಂತಿ ಡಿಸ್ಕಿನ ಮೋಟಾರಿಗೂ ಫ್ಯಾನಿಗೂ ಮೀಸಲಾಗಿತ್ತು. 2000ದ ಹೊತ್ತಿಗೆ ಪೆಂಟಿಯಂ 4 ಪ್ರಾಸೆಸರಿನ ಹಸಿವು ಹೆಚ್ಚಿದಾಗ, ಅಷ್ಟು ಶಕ್ತಿಯನ್ನು 5 ವೋಲ್ಟಿನಲ್ಲಿ ಒಯ್ಯಲು ತಂತಿ ದಪ್ಪವಾಗಬೇಕಾಗುತ್ತದೆ ಎಂಬ ಕಾರಣದಿಂದ, ಪ್ರಾಸೆಸರಿಗೆ 12 ವೋಲ್ಟನ್ನೇ ಕೊಡುವ ನಾಲ್ಕು ಪಿನ್ನುಗಳ ಪ್ರತ್ಯೇಕ ಕನೆಕ್ಟರ್ ಬಂದಿತು. ಗ್ರಾಫಿಕ್ಸ್ ಕಾರ್ಡುಗಳೂ ಅದೇ ಹಾದಿ ಹಿಡಿದವು. ಹೀಗಾಗಿ ಇಂದಿನ ಗಣಕದಲ್ಲಿ ಕಾರ್ಡು ಮತ್ತು ಪ್ರಾಸೆಸರ್ ಎಂಬ ಎರಡು ದೊಡ್ಡ ಹೊಟ್ಟೆಗಳೂ ಉಣ್ಣುವುದು ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟಿನ ಪಂಕ್ತಿಯಲ್ಲಿಯೇ. ಉಳಿದೆರಡು ಪಂಕ್ತಿಗಳಲ್ಲಿ ಎಷ್ಟೇ ಅನ್ನ ಉಳಿದರೂ ಅದನ್ನು ಇತ್ತ ಬಡಿಸಲು ಬರುವುದಿಲ್ಲ.

ಹಳೆಯ ವಿನ್ಯಾಸದ ಅಗ್ಗದ ಎಸ್‌ಎಂಪಿಎಸ್‌ಗಳ ಚೀಟಿಯನ್ನು ಈ ತಿಳಿವಳಿಕೆಯಿಂದ ಓದಿದರೆ ಚಿತ್ರ ಬದಲಾಗುತ್ತದೆ. ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿದ್ದು, ಚೀಟಿಯಲ್ಲಿ 3.3 ವೋಲ್ಟಿಗೆ 26 ಆಂಪಿಯರ್, 5 ವೋಲ್ಟಿಗೆ 32 ಆಂಪಿಯರ್, 12 ವೋಲ್ಟಿಗೆ 16 ಆಂಪಿಯರ್ ಎಂದಿದೆ ಎಂದುಕೊಳ್ಳೋಣ. ಗುಣಿಸಿದರೆ ಕ್ರಮವಾಗಿ 86, 160 ಮತ್ತು 192 ವ್ಯಾಟ್. ಸ್ಟ್ಯಾಂಡ್‌ಬೈ ಮುಂತಾದ ಚಿಲ್ಲರೆಯನ್ನು ಸೇರಿಸಿದರೆ ಒಟ್ಟು 450ರ ಆಸುಪಾಸಿಗೆ ಬಂದು, ಹೊರಗಿನ ಬರಹ ಕೂಡಿಕೆಯ ಮಟ್ಟಿಗೆ ಸರಿಯೆಂದೇ ತೋರುತ್ತದೆ. ಆದರೆ ಕಾರ್ಡಿಗೂ ಪ್ರಾಸೆಸರಿಗೂ ಸೇರಿ ದಕ್ಕುವುದು 192 ವ್ಯಾಟ್ ಮಾತ್ರ. ಅದೇ 450 ವ್ಯಾಟ್ ಎಂದು ಬರೆದ, ಈಚಿನ ವಿನ್ಯಾಸದ ಇನ್ನೊಂದು ಎಸ್‌ಎಂಪಿಎಸ್‌ನ ಚೀಟಿಯಲ್ಲಿ 12 ವೋಲ್ಟಿಗೆ 37 ಆಂಪಿಯರ್ ಎಂದಿರಬಹುದು, ಅಂದರೆ 444 ವ್ಯಾಟ್. ಹೊರಗೆ ಒಂದೇ ಅಂಕಿಯನ್ನು ಹೊತ್ತ ಎರಡು ಪೆಟ್ಟಿಗೆಗಳ ನಡುವೆ ಒಳಗೆ ಎರಡು ಪಟ್ಟಿಗೂ ಮೀರಿದ ಅಂತರವಿರುವಾಗ, ಹೊರಗಿನ ಅಂಕಿಯನ್ನು ಮಾತ್ರ ಹೇಳಿ ಕಾರ್ಡು ಮಾರುವುದನ್ನು ಪರೀಕ್ಷೆ ಎಂದು ಕರೆಯಲಾಗದು.

ಚೀಟಿಯನ್ನು ಓದುವವರು ಕೂಡ ಎಡವುವ ಒಂದು ಜಾಗವಿದೆ. ಕೆಲವು ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟಿನ ಪೂರೈಕೆಯನ್ನು ಸುರಕ್ಷತೆಗಾಗಿ ಎರಡು ಅಥವಾ ಹೆಚ್ಚು ಸಾಲುಗಳಾಗಿ, ಅಂಗಡಿಯ ಭಾಷೆಯಲ್ಲಿ ರೈಲುಗಳಾಗಿ, ಹಂಚಿರುತ್ತಾರೆ. ಪ್ರತಿ ಸಾಲಿಗೂ ತನ್ನದೇ ಮಿತಿ ಇರುತ್ತದೆ. ಒಂದನೆಯ ಸಾಲಿಗೆ 18 ಆಂಪಿಯರ್, ಎರಡನೆಯದಕ್ಕೆ 18 ಆಂಪಿಯರ್ ಎಂದಿದ್ದ ಮಾತ್ರಕ್ಕೆ ಒಟ್ಟು 36 ಆಂಪಿಯರ್ ಸಿಗುತ್ತದೆ ಎಂದರ್ಥವಲ್ಲ, ಏಕೆಂದರೆ ಆ ಎರಡೂ ಸಾಲುಗಳ ಹಿಂದೆ ಇರುವುದು ಒಂದೇ ಮೂಲ. ಅವುಗಳ ಕೆಳಗೆ, ಸಾಮಾನ್ಯವಾಗಿ ಚಿಕ್ಕ ಅಕ್ಷರದಲ್ಲಿ, ಎರಡೂ ಸೇರಿ ಗರಿಷ್ಠ ಇಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅದು 360 ಆಗಿದ್ದರೆ ನಿಜವಾಗಿ ದೊರೆಯುವುದು 30 ಆಂಪಿಯರ್. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಸಂಯುಕ್ತ ಅಂಕಿಯನ್ನೇ. ಅಂಥದೊಂದು ಅಂಕಿಯೇ ಇಲ್ಲದೆ ಸಾಲುಗಳ ಮಿತಿಯನ್ನಷ್ಟೇ ಬರೆದ, ಅಥವಾ ಆಂಪಿಯರುಗಳನ್ನೇ ಬರೆಯದ ಚೀಟಿಯುಳ್ಳ ಎಸ್‌ಎಂಪಿಎಸ್‌ಗೆ ವಿದ್ಯುತ್ ಕನೆಕ್ಟರ್ ಬೇಡುವ ಯಾವ ಕಾರ್ಡನ್ನೂ ಜೋಡಿಸಬಾರದು ಎಂಬುದು ಈ ಪತ್ರದ ಖಚಿತ ನಿಲುವು.

ಚೀಟಿಯ ಮೇಲಿನ ಇತರ ಗುರುತುಗಳನ್ನು ಅವುಗಳ ಅರ್ಥವಿದ್ದಷ್ಟಕ್ಕೇ ನಂಬಬೇಕು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ಅದು ಇರಲೇಬೇಕಾದ ಗುರುತಾದರೂ ಕಾರ್ಡನ್ನು ಹೊರುವ ಸಾಮರ್ಥ್ಯದ ಪ್ರಮಾಣಪತ್ರವಲ್ಲ. 2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಯೋಜನೆಯ ಬ್ರಾಂಜ್, ಗೋಲ್ಡ್ ಮುಂತಾದ ದರ್ಜೆಗಳು ದಕ್ಷತೆಯನ್ನು, ಎಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಗಣಕಕ್ಕೆ ತಲುಪುತ್ತದೆ ಎಂಬುದನ್ನು ಹೇಳುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: 500 ವ್ಯಾಟಿನ ಎಸ್‌ಎಂಪಿಎಸ್ ಶೇಕಡ 80ರಷ್ಟು ದಕ್ಷವಾಗಿದ್ದರೆ ಅದರಿಂದ ಸಿಗುವುದು 400 ವ್ಯಾಟ್ ಮಾತ್ರ ಎಂದು ಗ್ರಾಹಕರಿಗೆ ಹೇಳಲಾಗುತ್ತದೆ. ಅದು ತಿರುವುಮುರುವಾದ ಲೆಕ್ಕ. 500 ಎಂಬುದು ಒಳಗೆ ಕೊಡಬಲ್ಲ ಶಕ್ತಿ. ಅಷ್ಟನ್ನು ಕೊಡಲು ಅದು ಗೋಡೆಯಿಂದ 625 ವ್ಯಾಟ್ ಎಳೆಯುತ್ತದೆ, ನಡುವಿನ 125 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ದಕ್ಷತೆ ಕಡಿಮೆಯಾದರೆ ವಿದ್ಯುತ್ ಬಿಲ್ಲೂ ಧಗೆಯೂ ಏರುತ್ತವೆಯೇ ಹೊರತು ಕಾರ್ಡಿಗೆ ಸಿಗುವ ಪಾಲು ಅದರಿಂದ ಇಳಿಯುವುದಿಲ್ಲ.

ಇನ್ನು ಬೇಡಿಕೆಯ ಕಡೆ. ಕಾರ್ಡಿನ ತಯಾರಕರು ಪ್ರಕಟಿಸುವ ಬೋರ್ಡ್ ಪವರ್ ಎಂಬ ಅಂಕಿ ಇಡೀ ಕಾರ್ಡು ಸರಾಸರಿಯಲ್ಲಿ ಬಳಸುವ ಶಕ್ತಿಯನ್ನು ತಿಳಿಸುತ್ತದೆ: 2019ರ ಜಿಟಿಎಕ್ಸ್ 1650ಕ್ಕೆ 75 ವ್ಯಾಟ್, ಆರ್‌ಟಿಎಕ್ಸ್ 4060ಕ್ಕೆ 115, ಆರ್‌ಎಕ್ಸ್ 6600ಕ್ಕೆ 132, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಓಡಾಡುತ್ತಿರುವ ಆರ್‌ಟಿಎಕ್ಸ್ 3060ಕ್ಕೆ 170, ಆರ್‌ಟಿಎಕ್ಸ್ 4090ಕ್ಕೆ 450, 2025ರ ಆರ್‌ಟಿಎಕ್ಸ್ 5090ಕ್ಕೆ 575. ಪ್ರಾಸೆಸರಿನ ವಿಷಯದಲ್ಲಿ ಮಾತ್ರ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಹಾಗೆಯೇ ತೆಗೆದುಕೊಳ್ಳುವಂತಿಲ್ಲ. ಕೋರ್ ಐ5-10400 ಎಂಬ, ಮನೆ ಮನೆಯಲ್ಲೂ ಕಾಣುವ ಪ್ರಾಸೆಸರಿನ ಮೇಲೆ 65 ವ್ಯಾಟ್ ಎಂದಿದ್ದರೂ, ಬಿರುಸಿನ ಕೆಲಸ ಬಿದ್ದಾಗ ಅಲ್ಪಕಾಲ 134 ವ್ಯಾಟ್‌ವರೆಗೆ ಏರಲು ಇಂಟೆಲ್‌ನ ನಿಯಮವೇ ಅವಕಾಶ ಕೊಡುತ್ತದೆ. ಎಎಂಡಿಯ ರೈಜೆನ್ 5 5600ರ ಮೇಲೆ 65 ಎಂದಿದ್ದರೂ ಅದರ ಮಿತಿ ಅದಕ್ಕಿಂತ ಹೆಚ್ಚು. ಲೆಕ್ಕಕ್ಕೆ ಬೇಕಾದದ್ದು ಈ ಮೇಲಿನ ಮಿತಿ.

ಆ ಐ5-10400 ಇರುವ ಗಣಕಕ್ಕೆ ಆರ್‌ಟಿಎಕ್ಸ್ 3060 ಹಾಕಿಸಬೇಕೆಂದು ಒಬ್ಬ ವಿದ್ಯಾರ್ಥಿನಿ ಬಂದರೆ, ಕಾರ್ಡಿಗೆ 170, ಪ್ರಾಸೆಸರಿಗೆ 134, ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ ಸುಮಾರು 50, ಒಟ್ಟು 354 ವ್ಯಾಟ್. ಅದರಲ್ಲಿ 300ಕ್ಕೂ ಹೆಚ್ಚು ಪಾಲು 12 ವೋಲ್ಟಿನದು. ಮೇಲೆ ಹೇಳಿದ, 12 ವೋಲ್ಟಿನಲ್ಲಿ 192 ವ್ಯಾಟ್ ಮಾತ್ರ ಕೊಡುವ ‘450’ ಇದನ್ನು ಹೊರಲಾರದು. 444 ಕೊಡುವ ‘450’ ಹೊರುತ್ತದೆಯಾದರೂ ಏದುಸಿರು ಬಿಡುತ್ತಾ ಹೊರುತ್ತದೆ. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸಿರುವ ಎಸ್‌ಎಂಪಿಎಸ್ 550 ವ್ಯಾಟಿನದು. ತಯಾರಕರ ಈ ಶಿಫಾರಸು ಕೂಡಿಕೆಯ ಮೊತ್ತಕ್ಕಿಂತ ಇಷ್ಟು ದೊಡ್ಡದಾಗಿರುವುದನ್ನು ಕಂಡು, ಅದು ಸುಮ್ಮನೆ ಹೆದರಿಸುವ ಅಂಕಿ ಎಂದು ತಳ್ಳಿಹಾಕುವವರಿದ್ದಾರೆ. ಬಳಸುವವರ ಬಳಿ ಯಾವ ಪ್ರಾಸೆಸರ್ ಇದೆ, ಎಸ್‌ಎಂಪಿಎಸ್ ಯಾವ ಗುಣಮಟ್ಟದ್ದು ಎಂಬುದು ತಯಾರಕರಿಗೆ ತಿಳಿಯದ ಕಾರಣ ಅವರು ಕೈಬಿಚ್ಚಿ ಹೇಳುತ್ತಾರೆ ಎಂಬುದು ನಿಜ. ಆದರೆ ಎದುರಿಗೇ ಗಣಕವನ್ನು ಇಟ್ಟುಕೊಂಡಿರುವ ಅಂಗಡಿಯವರಿಗೆ ಆ ಎರಡೂ ತಿಳಿದಿರುವುದರಿಂದ, ಶಿಫಾರಸನ್ನು ಮೀರುವುದಾದರೆ ಅದನ್ನು ಲೆಕ್ಕದ ಬಲದಿಂದ ಮೀರಬೇಕು, ಅಂದಾಜಿನಿಂದಲ್ಲ. ಒಟ್ಟು ಬೇಡಿಕೆ 12 ವೋಲ್ಟಿನ ಸಾಮರ್ಥ್ಯದ ಮುಕ್ಕಾಲು ಪಾಲಿನೊಳಗೆ ನಿಲ್ಲುವಂತೆ ನೋಡಿಕೊಳ್ಳುವುದು ಹದವಾದ ಕ್ರಮ.

ಆ ಕಾಲು ಪಾಲನ್ನು ಖಾಲಿ ಬಿಡುವುದು ಅತಿ ಜಾಗ್ರತೆಯೆಂದು ತೋರಬಾರದು, ಏಕೆಂದರೆ ಸರಾಸರಿ ಬಳಕೆ ಬೇರೆ, ಕ್ಷಣದ ಬಳಕೆ ಬೇರೆ. ಗ್ರಾಫಿಕ್ಸ್ ಚಿಪ್ಪು ತನ್ನ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಏರಿಸಿ ಇಳಿಸುತ್ತಿರುವುದರಿಂದ, ಸರಾಸರಿ 320 ವ್ಯಾಟಿನ ಕಾರ್ಡು ಅಂಥ ಕಿರು ಅವಧಿಯಲ್ಲಿ ಅದರ ಒಂದೂವರೆ, ಎರಡು ಪಟ್ಟು ಎಳೆಯುವುದುಂಟು. ಸಾಮಾನ್ಯ ಮೀಟರಿಗೆ ಈ ಜಿಗಿತ ಕಾಣುವುದಿಲ್ಲ. ಎಸ್‌ಎಂಪಿಎಸ್‌ನ ಒಳಗಿರುವ, ಭಾರ ಮಿತಿಮೀರಿದಾಗ ತಾನಾಗಿ ಆರಿಸುವ ರಕ್ಷಣಾ ಸರ್ಕ್ಯೂಟಿಗೆ ಮಾತ್ರ ಕಾಣುತ್ತದೆ. 2020ರಲ್ಲಿ ಬಂದ ಆರ್‌ಟಿಎಕ್ಸ್ 3080, 3090ರಂಥ ಕಾರ್ಡುಗಳ ಕಾಲದಲ್ಲಿ, ಲೆಕ್ಕಕ್ಕೆ ಸಾಲುತ್ತದೆ ಎನಿಸಿದ ಒಳ್ಳೆಯ ಎಸ್‌ಎಂಪಿಎಸ್‌ಗಳು ಕೂಡ ಹೀಗೆ ಆಟದ ನಡುವೆ ಟ್ರಿಪ್ ಆದವು. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡ ಈ ಅನುಭವಕ್ಕೆ ಕೊಟ್ಟ ಉತ್ತರ: ಹೊಸ ಹದಿನಾರು ಪಿನ್ನಿನ ಕನೆಕ್ಟರ್ ಉಳ್ಳ, 450 ವ್ಯಾಟ್‌ಗಿಂತ ದೊಡ್ಡದಾದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟು ಭಾರವನ್ನು 100 ಮೈಕ್ರೊಸೆಕೆಂಡುಗಳ ಮಟ್ಟಿಗೆ ಆರದೆ ತಡೆದುಕೊಳ್ಳಬೇಕೆಂದು ಅದು ವಿಧಿಸಿತು. ಆದುದರಿಂದ 300 ವ್ಯಾಟಿನ ಆಚೆಯ ಕಾರ್ಡುಗಳಿಗೆ ಹಳೆಯ ಮಾನದಂಡದ ಎಸ್‌ಎಂಪಿಎಸ್ ಬಳಸುವಾಗ ಮುಕ್ಕಾಲಿನ ಬದಲು ಇನ್ನೂ ಬಿಗಿಯಾದ ಮಿತಿ ಹಾಕಿಕೊಳ್ಳುವುದು ಒಳ್ಳೆಯದು.

ಸಾಮರ್ಥ್ಯ ಸಾಕಷ್ಟಿದ್ದರೂ ಅದನ್ನು ಕಾರ್ಡಿಗೆ ಒಯ್ಯುವ ದಾರಿ ಇಲ್ಲದಿದ್ದರೆ ಪ್ರಯೋಜನವಿಲ್ಲ, ಮತ್ತು ಅಪಾಯ ಅತಿ ಹೆಚ್ಚಾಗಿ ಹುಟ್ಟುವುದು ಈ ದಾರಿಯಲ್ಲಿಯೇ. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ 75 ವ್ಯಾಟ್‌ವರೆಗೆ ಕೊಡುತ್ತದೆ, ಆರು ಪಿನ್ನಿನ ಕನೆಕ್ಟರ್ ಇನ್ನೊಂದು 75, ಎಂಟು ಪಿನ್ನಿನದು 150. ಎಸ್‌ಎಂಪಿಎಸ್‌ನಿಂದ ಇಂಥ ಕನೆಕ್ಟರುಗಳು ಎಷ್ಟು ಹೊರಟಿವೆ ಎಂಬುದೇ, ಅದನ್ನು ಮಾಡಿದವರು ಎಷ್ಟು ದೊಡ್ಡ ಕಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದರ ಸಾಕ್ಷಿ. ಒಂದೂ ಇಲ್ಲದಿದ್ದರೆ ಅವರು ಯಾವ ಕಾರ್ಡನ್ನೂ ಎಣಿಸಿರಲಿಲ್ಲ ಎಂದೇ ತಿಳಿಯಬೇಕು. ಆ ಸಾಕ್ಷಿಯನ್ನು ಬದಿಗೆ ಸರಿಸಿ, ಡಿಸ್ಕಿಗೆಂದು ಬಂದ ಸಾಟಾ ಕನೆಕ್ಟರಿನಿಂದ ಆರು ಅಥವಾ ಎಂಟು ಪಿನ್ನಿಗೆ ಬದಲಾಯಿಸುವ ಅಡಾಪ್ಟರ್ ತಂತಿಯನ್ನು ಹಾಕಿ ಕಳುಹಿಸುವ ರೂಢಿ ನಿಲ್ಲಬೇಕು. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೀಸಲಾದ ಮೂರು ತೆಳು ಪಿನ್ನುಗಳಿದ್ದು, ಪ್ರತಿಯೊಂದಕ್ಕೂ ಒಂದೂವರೆ ಆಂಪಿಯರ್ ಮಿತಿ. ಒಟ್ಟು ನಾಲ್ಕೂವರೆ ಆಂಪಿಯರ್, ಎಂದರೆ 54 ವ್ಯಾಟ್. ಅದರಿಂದ 75ನ್ನೋ 150ನ್ನೋ ಎಳೆದಾಗ ಕನೆಕ್ಟರಿನ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಹತ್ತುವ ಸಂಭವವೂ ಇದೆ. ಇದು ಮನೆಯ ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಓಡುವ ಯಂತ್ರ ಎಂಬುದನ್ನು ನೆನೆದರೆ, ಕೆಲವು ರೂಪಾಯಿಗಳ ಆ ತಂತಿಯನ್ನು ಅಂಗಡಿಯಲ್ಲಿ ಇಡಲೇಬಾರದು.

ತಂತಿಗಳ ವಿಷಯದಲ್ಲಿ ಇನ್ನೂ ಮೂರು ಸಂಗತಿಗಳನ್ನು ಹೇಳದೆ ಬಿಡಲಾಗದು. ಒಂದೇ ತಂತಿಯ ತುದಿಯಲ್ಲಿ ಎರಡು ಎಂಟು ಪಿನ್ನಿನ ಕನೆಕ್ಟರುಗಳು ಕವಲಾಗಿ ಬಂದಿದ್ದರೆ ಅವೆರಡೂ ಒಂದೇ ತಂತಿಯ ಹರಿವನ್ನೇ ಹಂಚಿಕೊಳ್ಳುವುದರಿಂದ, ಎರಡು ಕನೆಕ್ಟರ್ ಕೇಳುವ ದೊಡ್ಡ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದಲೇ ಎರಡು ಬೇರೆ ತಂತಿಗಳನ್ನು ಎಳೆಯುವುದು ಮೇಲು. ಪ್ರಾಸೆಸರಿಗೆ ಹೋಗುವ ಎಂಟು ಪಿನ್ನಿನ ಕನೆಕ್ಟರ್ ನೋಡಲು ಕಾರ್ಡಿನದರಂತೆಯೇ ಇದ್ದರೂ, ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ತಂತಿಗಳ ಸ್ಥಾನ ಅದಲುಬದಲು. ಒತ್ತಿ ತೂರಿಸಿದರೆ ನೇರ ಶಾರ್ಟ್. ಮೂರನೆಯದು, ತಂತಿಗಳನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳದು. ಆ ತಂತಿಗಳ ಗಣಕದ ಕಡೆಯ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್‌ನ ಕಡೆಯ ತುದಿಗೆ ಇಲ್ಲ. ಒಂದು ಕಂಪನಿಯ ತಂತಿಯನ್ನು ಇನ್ನೊಂದರ ಎಸ್‌ಎಂಪಿಎಸ್‌ಗೆ, ಕೆಲವೊಮ್ಮೆ ಅದೇ ಕಂಪನಿಯ ಬೇರೆ ಮಾದರಿಗೆ ಹಾಕಿದರೂ, 5 ವೋಲ್ಟ್ ಬರಬೇಕಾದ ಕಡೆ 12 ಬಂದು ವರ್ಷಗಳ ಚಿತ್ರ, ದಾಖಲೆ, ಬರಹಗಳಿದ್ದ ಡಿಸ್ಕು ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ತಂತಿಗಳನ್ನು ಹಾಗೆಯೇ ಬಿಟ್ಟು ಹೊಸ ಪೆಟ್ಟಿಗೆಯನ್ನಷ್ಟೇ ಕೂರಿಸುವ ಅವಸರದಲ್ಲಿ ಆಗುವ ಅನಾಹುತ ಇದು. 600 ವ್ಯಾಟ್‌ವರೆಗೆ ಒಯ್ಯುವ ಹೊಸ ಹದಿನಾರು ಪಿನ್ನಿನ ಕನೆಕ್ಟರ್ ಕರಗಿದ ವರದಿಗಳು 2022ರ ಅಕ್ಟೋಬರ್‌ನಲ್ಲಿ ಬಂದ ಮೇಲೆ ಅದರ ಪಿನ್ನುಗಳ ಉದ್ದವನ್ನು 2023ರಲ್ಲಿ ತಿದ್ದಲಾಯಿತು. ಹಾಗಿದ್ದರೂ ಅದನ್ನು ಪೂರ್ತಿ ಒಳಗೆ ಕೂರುವವರೆಗೆ ಒತ್ತಿ, ಬುಡದಲ್ಲಿಯೇ ಬಾಗಿಸದೆ ಬಿಡುವುದು ಜೋಡಿಸುವವರ ಹೊಣೆ.

ಕಚೇರಿಗಳಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್ ಆಗಿ ಬರುವ ಬ್ರಾಂಡೆಡ್ ಗಣಕಗಳಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಅವುಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ 180ರಿಂದ 300 ವ್ಯಾಟಿನೊಳಗೆ ಇದ್ದು, ಗುಣಮಟ್ಟದಲ್ಲಿ ಚೆನ್ನಾಗಿದ್ದರೂ, ಹಲವು ಮಾದರಿಗಳಲ್ಲಿ ಮದರ್‌ಬೋರ್ಡಿನ ಕನೆಕ್ಟರೂ ಪೆಟ್ಟಿಗೆಯ ಆಕಾರವೂ ಆ ಕಂಪನಿಯದೇ ಆಗಿರುತ್ತವೆ. ನಾಳೆ ದೊಡ್ಡ ಎಸ್‌ಎಂಪಿಎಸ್ ಹಾಕಿದರಾಯಿತು ಎಂಬ ಮಾತು ಅಲ್ಲಿ ನಡೆಯದು. ಅಂಥ ಗಣಕಕ್ಕೆ ಸ್ಲಾಟಿನ 75 ವ್ಯಾಟಿನಲ್ಲಿಯೇ ಬದುಕುವ ಕಾರ್ಡನ್ನು ಸೂಚಿಸುವುದೇ ಪ್ರಾಮಾಣಿಕ ಸಲಹೆ.

ಚೀಟಿಯ ಅಂಕಿ ಹೊಸ ಎಸ್‌ಎಂಪಿಎಸ್‌ನದು ಎಂಬುದನ್ನೂ ಮರೆಯುವಂತಿಲ್ಲ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿರುವ ದ್ರವ ವರ್ಷಗಳು ಕಳೆದಂತೆ ಆರುತ್ತದೆ, ಮತ್ತು ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿಯ ಕೋಣೆಯಲ್ಲಿ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುವಾಗ, ಮೇಜಿನ ಕೆಳಗೆ ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನೊಳಗೆ ಹೊಸ ಕಾರ್ಡಿನ ಬಿಸಿಯೂ ಸೇರಿದಾಗ, ಐದಾರು ವರ್ಷ ಓಡಿದ ಎಸ್‌ಎಂಪಿಎಸ್‌ನಿಂದ ಚೀಟಿಯಲ್ಲಿರುವಷ್ಟನ್ನೇ ನಿರೀಕ್ಷಿಸುವುದು ನ್ಯಾಯವಲ್ಲ. ಉತ್ತರ ಕರ್ನಾಟಕದ ಅಂಗಡಿಗಳವರು ಈ ಒಂದು ಕಾರಣಕ್ಕಾಗಿಯೇ ಬೆಂಗಳೂರಿನವರಿಗಿಂತ ಹೆಚ್ಚು ಉಳಿಕೆ ಬಿಟ್ಟು ಲೆಕ್ಕ ಹಾಕುವುದು ತಕ್ಕುದು.

ಗಣಕದ ಹೊರಗಿರುವ ಯುಪಿಎಸ್ ಈ ಲೆಕ್ಕದಲ್ಲಿ ಬಹುತೇಕ ಯಾವಾಗಲೂ ಬಿಟ್ಟುಹೋಗುವ ಭಾಗ. ಕರೆಂಟು ಹೋದಾಗ ಗಣಕವನ್ನು ಕೆಲ ನಿಮಿಷ ಕಾಯುವ ಈ ಬ್ಯಾಟರಿ ಪೆಟ್ಟಿಗೆಯ ಮೇಲೆ 600 ವಿಎ ಎಂದು ಬರೆದಿರುತ್ತದೆ. ವಿಎ ಎಂಬುದು ವೋಲ್ಟ್ ಮತ್ತು ಆಂಪಿಯರುಗಳ ಬರಿಯ ಗುಣಲಬ್ಧವಾಗಿದ್ದು, ಅದರಲ್ಲಿ ನಿಜವಾಗಿ ಕೊಡಬಲ್ಲ ಶಕ್ತಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮೇಲಿನ ಉದಾಹರಣೆಯ 354 ವ್ಯಾಟನ್ನು ಶೇಕಡ 85ರಷ್ಟು ದಕ್ಷತೆಯ ಎಸ್‌ಎಂಪಿಎಸ್ ಕೊಡಬೇಕಾದರೆ ಗೋಡೆಯಿಂದ ಸುಮಾರು 416 ಎಳೆಯಬೇಕು, ಮಾನಿಟರಿನದು ಬೇರೆ. ಹೀಗಾಗಿ ಕರೆಂಟು ಇರುವಷ್ಟು ಹೊತ್ತು ಎಲ್ಲವೂ ಸರಿಯಿದ್ದು, ಹೋದ ಕ್ಷಣದಲ್ಲಿ ಯುಪಿಎಸ್ ಕೀರಲು ದನಿಯೆತ್ತಿ ಆರಿಹೋಗುತ್ತದೆ. ಉಳಿಸದೆ ಬಿಟ್ಟ ಕೆಲಸ ಹೋಗುತ್ತದೆ. ಇನ್ನು ಕೆಲವು ಅಗ್ಗದ ಯುಪಿಎಸ್‌ಗಳು ಬ್ಯಾಟರಿಯ ಮೇಲೆ ಓಡುವಾಗ ನುಣುಪಾದ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುವುದರಿಂದ, ಆಕ್ಟಿವ್ ಪಿಎಫ್‌ಸಿ ಎಂಬ, ಗೋಡೆಯ ವಿದ್ಯುತ್ತನ್ನು ಅಲೆಗೆ ಹೊಂದಿಸಿ ಎಳೆಯುವ ಏರ್ಪಾಡುಳ್ಳ ಒಳ್ಳೆಯ ಎಸ್‌ಎಂಪಿಎಸ್‌ಗಳೇ ಅದಕ್ಕೆ ಹೊಂದದೆ ಆರುವುದುಂಟು. ಪವರ್ ಕಟ್ ದಿನಚರಿಯಾಗಿರುವ ಊರುಗಳಲ್ಲಿ ಕಾರ್ಡಿನ ಜೊತೆಗೆ ಯುಪಿಎಸ್‌ನ ಚೀಟಿಯನ್ನೂ ಕೇಳಿ ತಿಳಿಯದೆ ಕೊಡುವ ಸಲಹೆ ಅರ್ಧ ಸಲಹೆ.

ಜೋಡಿಸಿಯಾದ ಮೇಲೆ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ನಡೆಯಬೇಕು. ಕಾರ್ಡು ಮತ್ತು ಪ್ರಾಸೆಸರ್ ಎರಡಕ್ಕೂ ಒಟ್ಟಿಗೆ ಪೂರ್ಣ ಭಾರ ಹೇರುವ ಓಸಿಸಿಟಿಯಂಥ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಅದೇ ವೇಳೆಯಲ್ಲಿ ಕನೆಕ್ಟರಿನ 12 ವೋಲ್ಟನ್ನು ಮಲ್ಟಿಮೀಟರಿನಿಂದ ಅಳೆದರೆ, ಮಾನದಂಡ ಒಪ್ಪುವ 11.4ರಿಂದ 12.6ರ ನಡುವೆ ಅದು ನಿಲ್ಲುತ್ತದೆಯೇ ಎಂಬುದು ತಿಳಿಯುತ್ತದೆ. ಪರದೆ ತೋರಿಸುವ ವೋಲ್ಟ್ ಅಂಕಿಗಳು ಮದರ್‌ಬೋರ್ಡಿನ ಸೆನ್ಸರಿನಿಂದ ಬರುವುದರಿಂದ ಅಷ್ಟು ನೆಚ್ಚಿಕೆಯವಲ್ಲ. ಭಾರ ಬಿದ್ದಾಗ ಮಾತ್ರ ಗಣಕ ತಾನೇ ರೀಸ್ಟಾರ್ಟ್ ಆಗುವುದು, ಪರದೆ ಕಪ್ಪಾಗಿ ಕಾರ್ಡಿನ ಫ್ಯಾನುಗಳು ಭೋರ್ಗರೆಯುವುದು ಎಸ್‌ಎಂಪಿಎಸ್ ಸೋಲುತ್ತಿರುವ ಸಾಮಾನ್ಯ ಲಕ್ಷಣಗಳು. ವಿಂಡೋಸ್ ದಾಖಲಿಸುವ ಕರ್ನಲ್ ಪವರ್ 41 ಎಂಬ ಸಂದೇಶ ಗಣಕ ಸರಿಯಾಗಿ ಮುಚ್ಚದೆ ಆರಿತು ಎಂಬುದನ್ನು ಮಾತ್ರ ಹೇಳುತ್ತದೆ. ಅದನ್ನು ತೋರಿಸಿ ಎಸ್‌ಎಂಪಿಎಸ್ಸೇ ಕೆಟ್ಟಿದೆ ಎಂದು ತೀರ್ಪು ಕೊಡುವುದೂ ತಪ್ಪು. ಮತ್ತು ಯಾವ ಕಾರಣಕ್ಕೂ, ಕಲಿಯಲು ಬಂದ ಹುಡುಗರ ಕೈಯಿಂದ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಬಿಚ್ಚಿಸಬಾರದು. ಪ್ಲಗ್ ತೆಗೆದ ಬಳಿಕವೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು, ಜೀವ ತೆಗೆಯಲು ಅಷ್ಟು ಸಾಕು.

ಇದಕ್ಕೆಲ್ಲ ಅಂಗಡಿಗಳವರ ಕಡೆಯಿಂದ ಒಂದು ನ್ಯಾಯವಾದ ಆಕ್ಷೇಪವಿದೆ. ಎಸ್‌ಎಂಪಿಎಸ್ ಬದಲಿಸಬೇಕು ಎಂದೊಡನೆ ಮೂರು, ನಾಲ್ಕು ಸಾವಿರದ ಹೆಚ್ಚುವರಿ ಖರ್ಚನ್ನು ಕಂಡ ಗ್ರಾಹಕರು, ಇವರು ಸರಕು ತಳ್ಳುತ್ತಿದ್ದಾರೆ ಎಂದು ಸಂಶಯಪಟ್ಟು, ಪಕ್ಕದ ಅಂಗಡಿಗೆ ಹೋಗಿಬಿಡುತ್ತಾರೆ. ಅಲ್ಲಿ “ನಡೆಯುತ್ತೆ” ಎಂಬ ಮಾತು ಕಾದಿರುತ್ತದೆ. ಈ ಸಂಶಯಕ್ಕೆ ಮದ್ದು ಬಾಯಿಮಾತಲ್ಲ, ಎದುರಿಗೇ ಹಾಕಿದ ಲೆಕ್ಕ. ಚೀಟಿಯ ಆಂಪಿಯರನ್ನು ತಾವೇ ಓದಿ, 12ರಿಂದ ತಾವೇ ಗುಣಿಸಿ ನೋಡಿದ ಗ್ರಾಹಕರು ಮಾತನ್ನಲ್ಲ, ಅಂಕಿಯನ್ನು ನಂಬುತ್ತಾರೆ. ಅಲ್ಲದೆ ಲೆಕ್ಕ ಪ್ರತಿ ಬಾರಿಯೂ ಖರ್ಚನ್ನೇ ಸೂಚಿಸುವುದಿಲ್ಲ: ಇರುವ ಎಸ್‌ಎಂಪಿಎಸ್ಸೇ ಸಾಕು ಎಂದು ತೋರಿಸಿ ಅವರ ಹಣ ಉಳಿಸುವುದೂ, 170 ವ್ಯಾಟಿನ ಕಾರ್ಡಿನ ಬದಲು ಅದೇ ಕೆಲಸ ಮಾಡುವ 115 ವ್ಯಾಟಿನದನ್ನು ಆರಿಸಿಕೊಡುವುದೂ ಈ ಲೆಕ್ಕದಿಂದಲೇ ಸಾಧ್ಯ. ಹಣ ಒದಗುವವರೆಗೆ ಕಾರ್ಡಿನ ವಿದ್ಯುತ್ ಮಿತಿಯನ್ನು ತಂತ್ರಾಂಶದ ಮೂಲಕ ಒಂದಿಷ್ಟು ತಗ್ಗಿಸಿಟ್ಟರೆ, ವೇಗದಲ್ಲಿ ಆಗುವ ಇಳಿಕೆ ವಿದ್ಯುತ್ತಿನಲ್ಲಿ ಆಗುವ ಇಳಿಕೆಗಿಂತ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ಅನೇಕರಿಗೆ ಯಾರೂ ಹೇಳಿರುವುದಿಲ್ಲ.

ಆದುದರಿಂದ ಗ್ರಾಫಿಕ್ಸ್ ಕಾರ್ಡಿನ ಪ್ರತಿ ಬಿಲ್ಲಿನ ಹಿಂಬದಿಯಲ್ಲಿ ಎಸ್‌ಎಂಪಿಎಸ್‌ನ ಮಾದರಿ ಮತ್ತು ಅದನ್ನು ಕೊಂಡ ವರ್ಷ, 12 ವೋಲ್ಟಿನ ಸಂಯುಕ್ತ ವ್ಯಾಟ್, ಕಾರ್ಡು ಮತ್ತು ಪ್ರಾಸೆಸರಿನ ಗರಿಷ್ಠ ವ್ಯಾಟ್‌ಗಳ ಮೊತ್ತ, ಬಳಸಿದ ಕನೆಕ್ಟರುಗಳ ಸಂಖ್ಯೆ, ಪರೀಕ್ಷೆಯ ವೇಳೆ ಮಲ್ಟಿಮೀಟರ್ ತೋರಿಸಿದ ಕನಿಷ್ಠ ವೋಲ್ಟ್, ಇಷ್ಟನ್ನು ಬರೆದು, ಕೆಳಗೆ ಜೋಡಿಸಿದವರು ದಿನಾಂಕದೊಂದಿಗೆ ಸಹಿ ಹಾಕಿಕೊಡಬೇಕೆಂದು ವಿನಂತಿ.